ಬೆನ್ನಿನಲ್ಲಿ ಚಟ್ ಎಂದದ್ದೇನು?

ದೇವನಹಳ್ಳಿಯ ಆಚೆ ದ್ರಾಕ್ಷಿ ತೋಟ ಇಟ್ಟುಕೊಂಡಿರುವ ಪರಿಚಯದವರೊಬ್ಬರು ದೀಪಾವಳಿಗೆ ಮುಂಚೆ ಸಿಕ್ಕಿದ್ದರು. ಮಗಳ ಆಸೆಗೆಂದು ಎರಡು ಕುದುರೆ ಸಾಕಿದ್ದಾರೆ, ಎರಡೂ ರೇಸಿನಿಂದ ನಿವೃತ್ತಿಯಾದವು. ಕಾಫಿ ಬರುವಷ್ಟರಲ್ಲಿ ಮೊಬೈಲು ತೆಗೆದು ಒಂದು ವಿಡಿಯೊ ತೋರಿಸಿದರು. ಎಲ್ಲಿಯೋ ಅಮೆರಿಕದ ಲಾಯ. ಒಬ್ಬ ಗಟ್ಟಿ ಆಳು ಹುಲ್ಲಿನ ಪೆಂಡಿಯ ಮೇಲೆ ನಿಂತು, ಎರಡೂ ಅಂಗೈ ಜೋಡಿಸಿ ಕುದುರೆಯ ಸೊಂಟದ ಮೇಲೆ ಗಕ್ಕನೆ ಒತ್ತುತ್ತಾನೆ. ಚಟ್ ಎಂದು ಸದ್ದಾಗುತ್ತದೆ. ಕುದುರೆ ತುಟಿ ಜೋಲಿಸಿ ಆಕಳಿಸುತ್ತದೆ. ಕೆಳಗೆ ಲಕ್ಷಾಂತರ ಜನ ಮೆಚ್ಚಿದ್ದಾರೆ.

“ನಮ್ ಹೆಣ್ ಕುದ್ರೆಗೂ ಹಿಂಗೇ ಮಾಡ್ಸಿದ್ರೆ ಹೆಂಗೆ ಸಾರ್? ಜೀನು ತಂದ್ರೆ ಸಾಕು, ಕಿವಿ ಹಿಂದಕ್ಕೆ ಮಡಚ್ಕೊಂಡು ಕಚ್ಚೋಕೆ ಬರ್ತದೆ. ಬೆನ್ನು ಹಿಡ್ಕೊಂಡಿರ್ಬೇಕು. ಬೆಂಗ್ಳೂರಲ್ಲಿ ಇಂಥೋರು ಯಾರಾದ್ರೂ ಅವ್ರಾ?”

ಅವರಿಗೆ ಆಗ ನಾನು ಕೊಟ್ಟ ಉತ್ತರ ಚಿಕ್ಕದಿತ್ತು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅವರು ಕೇಳಿದ್ದರಲ್ಲಿ ವಿಚಿತ್ರವೇನೂ ಇಲ್ಲ. ಕೈಯಿಂದ ಒತ್ತಿ, ನೀವಿ, ಎಳೆದು ಸರಿಮಾಡುವವರ ಮೇಲೆ ನಮ್ಮ ಸೀಮೆಗೆ ತಲೆತಲಾಂತರದ ನಂಬಿಕೆ. ಹೊಸಕೋಟೆಯಿಂದ ಕೋಲಾರದವರೆಗೆ ‘ಪುತ್ತೂರು ಕಟ್ಟು’ ಎಂಬ ಬೋರ್ಡು ನೋಡದವರಿಲ್ಲ. ಚಿತ್ತೂರು ಸೀಮೆಯ ಪುತ್ತೂರಿನಿಂದ ಹಬ್ಬಿದ ಆ ಹೆಸರು ಈಗ ಮೂಳೆ ಕೂರಿಸುವ ಕಸುಬಿಗೇ ಅಂಟಿಕೊಂಡಿದೆ. ಊರಿಗೊಬ್ಬ ಉಳುಕು ತೆಗೆಯುವ ಅಜ್ಜಿ, ನರ ಬಿಡಿಸುವ ಅಜ್ಜ ಇದ್ದೇ ಇರುತ್ತಿದ್ದರು. ಇನ್ನು ದನಕರುವಿನ ವಿಷಯಕ್ಕೆ ಬಂದರೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ, ಹೆಗಲ ಮೇಲೋ ತೊಡೆಯ ಮೇಲೋ ಹಳೇ ಬರೆಯ ಗುರುತು ಹೊತ್ತ ಎತ್ತು ಸಿಗದೆ ಹೋಗುವುದಿಲ್ಲ. ನೋವಿದ್ದ ಕಡೆ ಕಾದ ಕಬ್ಬಿಣದಿಂದ ಬರೆ ಎಳೆದರೆ ಕುಂಟು ಹೋಗುತ್ತದೆ ಎಂದು ನಂಬಿದ್ದ ಕಾಲದ ಸಾಕ್ಷಿ ಅದು. ಈ ಬರೆಯ ಮಾತಿಗೆ ಮತ್ತೆ ಬರುತ್ತೇನೆ.

ವಿಡಿಯೊದಲ್ಲಿ ಕಂಡ ವಿದ್ಯೆಯ ಹೆಸರು ಕೈರೊಪ್ರಾಕ್ಟಿಕ್. ಗ್ರೀಕಿನಲ್ಲಿ ‘ಕೈರ್’ ಎಂದರೂ ಕೈಯೇ. ನಮ್ಮ ‘ಕೈ’ಗೆ ಅದು ಹತ್ತಿರ ಕೇಳಿಸುವುದು ಬರೀ ಆಕಸ್ಮಿಕ, ಯಾರೂ ಇದರಿಂದ ಭಾಷಾಶಾಸ್ತ್ರ ಹೊಸೆಯಬಾರದು. 1895ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ ಡಿ.ಡಿ. ಪಾಮರ್ ಎಂಬ ಅಯಸ್ಕಾಂತ ಚಿಕಿತ್ಸಕ ತನ್ನ ಕಟ್ಟಡದ ಜಾಡಮಾಲಿ ಹಾರ್ವಿ ಲಿಲ್ಲಾರ್ಡ್‌ನ ಬೆನ್ನೆಲುಬು ಒತ್ತಿ, ಅವನ ಕಿವುಡು ಹೋಯಿತೆಂದು ಸಾರಿದ. ಬಹುಪಾಲು ರೋಗಗಳಿಗೆ ಬೆನ್ನೆಲುಬಿನ ಮಣಿ ಸ್ಥಾನ ತಪ್ಪಿ ನರ ಒತ್ತುವುದೇ ಕಾರಣ ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ನಿಲ್ಲಲಿಲ್ಲ, ಕಸುಬು ನಿಂತಿತು. ಪ್ರಾಣಿಗಳ ಮೇಲೆ ಇದನ್ನು ಮಾಡುವುದನ್ನು ಕ್ರಮವಾಗಿ ಕಲಿಸಲು ಶುರುಮಾಡಿದವರು ಪಶುವೈದ್ಯೆಯೂ ಕೈರೊಪ್ರಾಕ್ಟರೂ ಆಗಿದ್ದ ಶರಾನ್ ವಿಲ್ಲೊಬಿ. ಅದು 1980ರ ದಶಕದ ಮಾತು. ಅಂದಿನಿಂದ ಕುದುರೆಯೇ ಈ ವಿದ್ಯೆಯ ದೊಡ್ಡ ರೋಗಿ. ಕಾರಣ ಸರಳ. ಕುದುರೆಯ ಬೆನ್ನ ಮೇಲೆ ಮನುಷ್ಯ ಕೂರುತ್ತಾನೆ, ಆ ಮನುಷ್ಯನ ಕೈಯಲ್ಲಿ ಸಾಮಾನ್ಯವಾಗಿ ಕಾಸೂ ಇರುತ್ತದೆ.

ನಮ್ಮ ಕಡೆ ಕುದುರೆ ಎಲ್ಲಿದೆ ಎಂದು ಕೇಳುವವರುಂಟು. ನೆಲಮಂಗಲದಿಂದ ಹಾಸನದ ಹೆದ್ದಾರಿ ಹಿಡಿದರೆ ಸಿಗುವ ಕುಣಿಗಲ್‌ನ ಸ್ಟಡ್ ಫಾರ್ಮ್ ಹೈದರ್–ಟಿಪ್ಪು ಕಾಲದ ಸೈನ್ಯಕ್ಕೆ ಕುದುರೆ ಬೆಳೆಸಿದ ಜಾಗ. ಟಿಪ್ಪು ಹುಟ್ಟಿದ ಊರಾದ ದೇವನಹಳ್ಳಿಗೂ ಆ ಲಾಯಕ್ಕೂ ಹೀಗೊಂದು ನಂಟು. ಬೆಂಗಳೂರು ಟರ್ಫ್ ಕ್ಲಬ್ಬಿಗೆ ನೂರು ವರ್ಷ ಕಳೆದಿದೆ. ವಿಮಾನ ನಿಲ್ದಾಣದ ರಸ್ತೆಯ ಪಕ್ಕದ ಬೆಟ್ಟಹಲಸೂರಿನಲ್ಲಿ ಎಂಬೆಸಿ ರೈಡಿಂಗ್ ಸ್ಕೂಲ್ ಇದೆ. ಅದರ ಬೆಂಬಲದಿಂದ ಬೆಳೆದ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಎರಡು ಬೆಳ್ಳಿ ಗೆದ್ದರು, ಒಂದು ಸ್ವಂತಕ್ಕೆ, ಒಂದು ತಂಡಕ್ಕೆ. ಅದೇ ಕುದುರೆಯೊಂದಿಗೆ ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯ ಸ್ಥಾನಕ್ಕೆ ಬಂದರು. ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸವಾರಿ ಮಾಡಿದ ಮೇಲೆ ಒಲಿಂಪಿಕ್ಸಿನಲ್ಲಿ ಭಾರತದ ಕುದುರೆ ಸವಾರ ಕಾಣಿಸಿಕೊಂಡದ್ದು ಅದೇ ಮೊದಲು. ಈಚೆಗೆ ತೋಟದ ಮನೆಗಳಲ್ಲೂ ಒಂದೆರಡು ಕುದುರೆ ಕಟ್ಟುವ ಶೋಕಿ ಹೆಚ್ಚಿದೆ. ಇವೆಲ್ಲ ಶ್ರೀಮಂತ ಕುದುರೆಗಳು. ಮದುವೆ ಮೆರವಣಿಗೆಗೆ ಬಾಡಿಗೆ ಹೋಗುವ ಬಡ ಕುದುರೆಗಳ ಲೆಕ್ಕ ಬೇರೆ.

ಈಗ ಬೆನ್ನಿಗೆ ಬರೋಣ. ಕುದುರೆಗೆ ಕುತ್ತಿಗೆಯಲ್ಲಿ 7 ಕಶೇರುಮಣಿ, ನಮಗೂ ಅಷ್ಟೇ, ಜಿರಾಫೆಗೂ ಅಷ್ಟೇ. ಎದೆಯ ಭಾಗದಲ್ಲಿ 18, ಸೊಂಟದಲ್ಲಿ 6 (ಅರಬ್ಬೀ ಕುದುರೆಗಳಲ್ಲಿ ಎಷ್ಟೋ ಸಲ 5), ಆಮೇಲೆ ಬೆಸೆದುಕೊಂಡ 5, ಕೊನೆಗೆ ಬಾಲದವು. ಸವಾರ ಕೂರುವುದು ಎದೆಭಾಗದ ಹಿಂದಿನ ಮಣಿಗಳ ಮೇಲೆ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ದಿಣ್ಣೆಯಂತೆ ಎದ್ದಿರುತ್ತದಲ್ಲ, ಅಲ್ಲಿ ಒಂದೊಂದು ಮಣಿಯಿಂದಲೂ ಗೇಣುದ್ದದ ಮುಳ್ಳು ಮೇಲಕ್ಕೆ ಚಾಚಿದೆ. ಬೆನ್ನು ನೀವುವಾಗ ಬೆರಳಿಗೆ ಸಿಗುವುದು ಈ ಮುಳ್ಳುಗಳ ತುದಿ ಮಾತ್ರ. ನಿಜವಾದ ಕೀಲು ಅದರ ಕೆಳಗೆ, ಬೆರಳುದ್ದಕ್ಕೂ ಮೀರಿದ ಮಾಂಸದಡಿ ಹುದುಗಿದೆ. ಒಂದು ಮಣಿ ಮತ್ತೊಂದರ ಮೇಲೆ ಹೊರಳುವುದು ಕೆಲವೇ ಡಿಗ್ರಿ. ಸೊಂಟ ಮುಗಿದು ಪೃಷ್ಠ ಸೇರುವಲ್ಲಿ ಮಾತ್ರ ಬಾಗು ಹೆಚ್ಚು, ಕುದುರೆ ನಾಗಾಲೋಟದಲ್ಲಿ ಹಿಂಗಾಲನ್ನು ಹೊಟ್ಟೆಯಡಿ ಸೆಳೆದುಕೊಳ್ಳುವುದು ಆ ಬಾಗಿನ ಬಲದಿಂದ.

ಇನ್ನೊಂದು ಸೋಜಿಗ ಹೇಳಬೇಕು. ಕುದುರೆಗೆ ಕತ್ತುಪಟ್ಟಿಯ ಮೂಳೆ ಇಲ್ಲ. ಮುಂಗಾಲನ್ನು ಮೈಗೆ ಜೋಡಿಸುವ ಕೀಲೇ ಇಲ್ಲ. ತೊಟ್ಟಿಲನ್ನು ಹಗ್ಗದಲ್ಲಿ ನೇತುಹಾಕಿದಂತೆ ಇಡೀ ಎದೆಗೂಡು ಎರಡು ಮುಂಗಾಲುಗಳ ನಡುವೆ ಮಾಂಸಖಂಡಗಳಲ್ಲೇ ತೂಗುತ್ತಿದೆ. ಮೈಭಾರದ ನೂರಕ್ಕೆ ಅರವತ್ತು ಪಾಲು ಆ ಮುಂಗಾಲುಗಳ ಮೇಲೆ. ಐನೂರು ಕೆ.ಜಿ.ಯ ಪ್ರಾಣಿ, ಅದರ ಮೇಲೆ ಮನುಷ್ಯ. ಬೆನ್ನಿನ ನೋವು ಎಂದರೆ ಮೂಳೆಯ ನೋವೆಂದೇ ನಾವು ಊಹಿಸಿಕೊಳ್ಳುತ್ತೇವೆ, ಆದರೆ ಈ ಪ್ರಾಣಿಯನ್ನು ಎತ್ತಿ ಹಿಡಿದಿರುವುದು ಬಹುಪಾಲು ಮಾಂಸ ಮತ್ತು ನಾರು.

ಇಷ್ಟು ತಿಳಿದ ಮೇಲೆ ಆ ವಿಡಿಯೊ ಮತ್ತೆ ನೋಡಿ. ಜಾರಿದ ಮೂಳೆ ಅಂಗೈಯ ಒಂದು ಪೆಟ್ಟಿಗೆ ತನ್ನ ಜಾಗಕ್ಕೆ ಕೂತಿತು ಎಂದು ವಿವರಣೆ ಕೊಡುತ್ತಾರೆ. ಬೆನ್ನುಮಣಿ ನಿಜವಾಗಿ ಜಾರಿದ್ದರೆ ಆ ಕುದುರೆ ನಿಂತಿರುತ್ತಿರಲಿಲ್ಲ, ನೆಲ ಹಿಡಿದಿರುತ್ತಿತ್ತು. ಹಾಗಾದರೆ ಚಟ್ ಎಂದದ್ದು? ನಾವು ನೆಟಿಕೆ ಮುರಿಯುವಾಗ ಬರುವ ಸದ್ದೇ ಅದು. ಕೀಲಿನೊಳಗೆ ಲೋಳೆಯಂಥ ದ್ರವವಿದೆ. ಕೀಲು ಸರ್ರನೆ ಅಗಲಿದಾಗ ಅಲ್ಲಿ ಒತ್ತಡ ಕುಸಿದು ಗಾಳಿಗುಳ್ಳೆಯಂಥ ಟೊಳ್ಳು ಮೂಡುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮನುಷ್ಯನ ಬೆರಳನ್ನು ಎಂಆರ್‌ಐ ಯಂತ್ರದೊಳಗೆ ಎಳೆದು, ಆ ಟೊಳ್ಳು ಮೂಡುವುದನ್ನು ಚಿತ್ರದಲ್ಲೇ ಹಿಡಿದರು. ಅದು ಮೂಳೆ ಮನೆಗೆ ಮರಳಿದ ಸದ್ದಂತೂ ಖಂಡಿತ ಆಗಿರಲಿಲ್ಲ. ನಲವತ್ತು ಸಲ ನೆಟಿಕೆ ಮುರಿದರೂ ನಮ್ಮ ಬೆರಳು ಇದ್ದಲ್ಲೇ ಇರುವುದಿಲ್ಲವೆ?

ಹಾಗಂತ ಇದೆಲ್ಲ ಬೂಟಾಟಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒತ್ತಿದಾಗ ಸುತ್ತಲಿನ ಮಾಂಸಖಂಡಗಳ ಬಿಗುವು ಸಡಿಲುವುದುಂಟು, ನೋವು ತಡೆಯುವ ಶಕ್ತಿ ಸ್ವಲ್ಪ ಕಾಲ ಏರುವುದುಂಟು. ಅಮೆರಿಕದ ಕೊಲೊರಾಡೊದಲ್ಲಿ ಕೆವಿನ್ ಹಾಸ್ಲರ್ ಎಂಬ ಪಶುವೈದ್ಯರು ವರ್ಷಗಟ್ಟಲೆ ಇದನ್ನೇ ಅಳೆದಿದ್ದಾರೆ. ಬೆನ್ನಿನ ಮೇಲೆ ಒಂದು ಒತ್ತಡಮಾಪಕ ಇಟ್ಟು, ಎಷ್ಟು ಒತ್ತಿದರೆ ಕುದುರೆ ಬೆನ್ನು ಕುಗ್ಗಿಸುತ್ತದೆ ಎಂದು ನೋಡುವ ಕ್ರಮ ಅವರದು. 2008ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಕೈರೊಪ್ರಾಕ್ಟಿಕ್ ಮಾಡಿಸಿಕೊಂಡ ಕುದುರೆಗಳು ವಾರದ ಕೊನೆಗೆ, ಮಾಲೀಸು ಮಾಡಿಸಿಕೊಂಡವುಗಳಿಗಿಂತಲೂ ನೋವಿನ ಔಷಧಿ ಪಡೆದವುಗಳಿಗಿಂತಲೂ ಹೆಚ್ಚಿನ ಒತ್ತಡ ತಡೆದುಕೊಂಡವು. ಕೇಳಲು ಚೆನ್ನಾಗಿದೆ. ಆದರೆ ಆ ಪ್ರಯೋಗದ ಕುದುರೆಗಳಿಗೆ ಬೆನ್ನುನೋವಿನ ಲಕ್ಷಣವೇ ಇರಲಿಲ್ಲ! ನೋವಿಲ್ಲದ ಕುದುರೆಗೆ ಒಂದು ವಾರ ಹಿತವಾದದ್ದು ನೋವಿರುವ ಕುದುರೆಗೆ ಮದ್ದಾಗುತ್ತದೆ ಎನ್ನಲು ಅಷ್ಟು ಸಾಲದು. ಈ ದಾರಿಯ ಅಧ್ಯಯನಗಳು ಬಹುಪಾಲು ಚಿಕ್ಕವು, ಫಲ ಕಂಡದ್ದೂ ಸ್ವಲ್ಪ ಕಾಲದ್ದೇ.

ನನ್ನ ತಕರಾರು ಬೇರೆ ಕಡೆ ಇದೆ. ಬೆನ್ನು ಒತ್ತುವವನು ನೋವು ಕಂಡ ಜಾಗ ಹಿಡಿದು ಹೋಗುತ್ತಾನೆ, ಆದರೆ ಕುದುರೆಯಲ್ಲಿ ನೋವು ಹುಟ್ಟುವ ಜಾಗ ಎಷ್ಟೋ ಸಲ ಬೆನ್ನಲ್ಲ. ಹಿಂಗಾಲಿನ ಮಂಡಿಯಲ್ಲೋ ಗೊರಸಿನಲ್ಲೋ ಸಣ್ಣ ನೋವಿದ್ದರೆ ಕುದುರೆ ಆ ಕಾಲಿನ ಭಾರ ತಪ್ಪಿಸಲು ಬೆನ್ನು ಬಿಗಿಹಿಡಿದು ನಡೆಯುತ್ತದೆ. ಕೆಲವು ವಾರ ಕಳೆದರೆ ಬೆನ್ನು ನೋಯುತ್ತದೆ, ಕುಂಟು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಎರಡೂ ಹಿಂಗಾಲು ನೋಯುತ್ತಿದ್ದರಂತೂ ಕುಂಟೇ ಇರುವುದಿಲ್ಲ, ಬರೀ ಮೊಂಡುತನ ಕಾಣುತ್ತದೆ. ಲಾಳ ಬದಲಿಸದೆ ತಿಂಗಳುಗಟ್ಟಲೆ ಬಿಟ್ಟು ಗೊರಸಿನ ಮುಂದುಗಡೆ ಉದ್ದವಾದರೂ ಇದೇ ಕಥೆ. ಹಲ್ಲು ಚೂಪಾಗಿ ಕೆನ್ನೆ ಕೊಯ್ಯುತ್ತಿದ್ದರೆ ಕಡಿವಾಣಕ್ಕೆ ಹೆದರಿ ಕುತ್ತಿಗೆ ಸೆಟೆಸುತ್ತದೆ, ಕುತ್ತಿಗೆಯ ಬಿಗುವು ಬೆನ್ನಿಗೆ ಇಳಿಯುತ್ತದೆ. ಬೆನ್ನಿನದೇ ರೋಗವೂ ಇರಬಹುದು. ಜೀನು ಕೂರುವ ಕಡೆ ಪಕ್ಕಪಕ್ಕದ ಮುಳ್ಳುಗಳು ಒಂದಕ್ಕೊಂದು ತಾಗಿ ಉಜ್ಜುವ ತೊಂದರೆಯೊಂದಿದೆ, ಓಟದ ತಳಿಗಳಲ್ಲಿ ಅದು ಸಾಮಾನ್ಯ. ಅದನ್ನು ಎಕ್ಸ್‌ರೇ ತೋರಿಸುತ್ತದೆ, ಅಂಗೈ ತೋರಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಖಳನಾಯಕ ಜೀನು. ಒಳ್ಳೆಯ ಜೀನಿನ ಅಡಿಯಲ್ಲಿ ಎರಡು ದಿಂಬು, ನಡುವೆ ಅಗಲವಾದ ಕಾಲುವೆ ಇರುತ್ತದೆ. ಭಾರವೆಲ್ಲ ಎರಡು ಪಕ್ಕದ ಮಾಂಸದ ಮೇಲೆ ಹರಡಿ, ಮುಳ್ಳುಗಳ ಮೇಲೆ ಏನೂ ತಾಗಬಾರದು. ಒಂದು ಕುದುರೆಯ ಜೀನು ಇನ್ನೊಂದಕ್ಕೆ ಹೊಂದುವುದು ಅದೃಷ್ಟವಿದ್ದರೆ ಮಾತ್ರ. ಅಣ್ಣನ ಚಪ್ಪಲಿ ತಮ್ಮನಿಗೆ ಹಾಕಿ ಮ್ಯಾರಥಾನ್ ಓಡಿಸಿದಂತೆ. ಅದೇ ಕುದುರೆಗೇ ಆದರೂ ಮಳೆಗಾಲದ ಹಸಿ ಹುಲ್ಲು ತಿಂದು ಮೈ ತುಂಬಿದಾಗ, ಬೇಸಿಗೆಯಲ್ಲಿ ಇಳಿದಾಗ ಅಳತೆ ಬದಲಾಗುತ್ತದೆ. ಸವಾರಿ ಮುಗಿದು ಜೀನು ಇಳಿಸಿದ ಕೂಡಲೇ ಬೆನ್ನಿನ ಬೆವರಿನ ಗುರುತು ನೋಡಿ. ಸುತ್ತ ಒದ್ದೆಯಾಗಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ವಿಪರೀತ ಇರಬಹುದು. ಕಂದು ಕುದುರೆಯ ಬೆನ್ನ ಮೇಲೆ ಬಿಳಿ ಕೂದಲಿನ ಮಚ್ಚೆ ಹುಟ್ಟಿದ್ದರೆ, ಹಿಂದೆಂದೋ ಜೀನು ಅಲ್ಲಿ ಕೊರೆದಿತ್ತೆಂದು ಅರ್ಥ. ಈ ಎರಡು ಪರೀಕ್ಷೆಗೆ ಕಾಸು ಬೇಕಿಲ್ಲ.

ಇಂಗ್ಲೆಂಡಿನ ಪಶುವೈದ್ಯೆ ಸೂ ಡೈಸನ್ 2018ರಲ್ಲಿ ಸವಾರಿಯ ಹೊತ್ತಿನಲ್ಲಿ ಕುದುರೆ ತೋರುವ 24 ವರ್ತನೆಗಳ ಪಟ್ಟಿ ಮಾಡಿದರು. ಕಿವಿ ಹಿಂದಕ್ಕೆ ಒರಗುವುದು, ಬಾಲ ಬೀಸುವುದು, ಬಾಯಿ ಮತ್ತೆಮತ್ತೆ ತೆರೆಯುವುದು, ಕಣ್ಣು ಶೂನ್ಯಕ್ಕೆ ನೆಡುವುದು, ಎಡವುವುದು ಹೀಗೆ. ಇವುಗಳಲ್ಲಿ ಎಂಟು ಅಥವಾ ಹೆಚ್ಚು ಕಂಡರೆ ಮೂಳೆ–ಮಾಂಸದ ನೋವಿನ ಸಂಭವ ಬಲವಾಗಿದೆ ಎಂದು ಅವರ ಎಣಿಕೆ. ‘ಕುದುರೆ ಕಂಡರೆ ಕಾಲು ನೋವು’ ಎಂದು ಸೋಮಾರಿ ಮನುಷ್ಯನನ್ನು ಹಂಗಿಸುವ ನಾವು, ಕುದುರೆ ನಿಜವಾಗಿ ನೋವು ಹೇಳಿದಾಗ ‘ಇದಕ್ಕೆ ಪೊಗರು’ ಎಂದು ಚಾಟಿ ಎತ್ತುತ್ತೇವೆ.

ಬರೆಯ ವಿಷಯಕ್ಕೆ ಮರಳುತ್ತೇನೆಂದಿದ್ದೆ. ಕಾದ ಕಬ್ಬಿಣ ನಮ್ಮ ಹಳ್ಳಿಯ ಮೌಢ್ಯ ಎಂದು ಯಾರೂ ತಲೆ ತಗ್ಗಿಸಬೇಕಿಲ್ಲ. ಯುರೋಪಿನ ರೇಸ್ ಕುದುರೆಗಳ ಕಾಲಿನ ಸ್ನಾಯುರಜ್ಜು ಊದಿದಾಗ ಪದವೀಧರ ವೈದ್ಯರೇ ಸಾಲಾಗಿ ಸುಡುತ್ತಿದ್ದರು, ಇಪ್ಪತ್ತನೆಯ ಶತಮಾನದ ಕೊನೆಯವರೆಗೂ. 1980ರ ದಶಕದ ಆರಂಭದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಸುಟ್ಟ ಕಾಲು, ಸುಡದ ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಸುಟ್ಟಿದ್ದರಿಂದ ಗುಣ ಹೆಚ್ಚಲಿಲ್ಲ. ಸುಟ್ಟ ಮೇಲೆ ತಿಂಗಳುಗಟ್ಟಲೆ ಕೊಡುತ್ತಿದ್ದ ವಿಶ್ರಾಂತಿಯೇ ಅಷ್ಟು ಕಾಲ ಬರೆಗೆ ಹೆಸರು ತಂದುಕೊಟ್ಟಿತ್ತು. ಬೆನ್ನು ಒತ್ತಿಸಿದ ಮೇಲೂ ‘ನಾಲ್ಕು ದಿನ ಸವಾರಿ ಬೇಡ’ ಎನ್ನುತ್ತಾರೆ. ಗುಣವಾದರೆ ಶ್ರೇಯಸ್ಸು ಅಂಗೈಗೋ ನಾಲ್ಕು ದಿನದ ರಜೆಗೋ, ಬಿಡಿಸಿ ನೋಡುವವರು ಕಡಿಮೆ.

ಪ್ರಾಣಿವೈದ್ಯವನ್ನು ಓದುಬರಹದ ವಿದ್ಯೆ ಎಂದು ಎಣಿಸಿದ್ದರಲ್ಲಿ ಕನ್ನಡ ಹಿಂದೆ ಬಿದ್ದಿಲ್ಲ. ಚಾಲುಕ್ಯ ವಂಶದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅಭಿನವಚಂದ್ರನ ‘ಅಶ್ವವೈದ್ಯ’ ಇದೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಆಶ್ರಯದಲ್ಲಿ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಬಂತು. ಕುದುರೆಯ ಚಿಕಿತ್ಸೆ ಬಲ್ಲವರ ಕೈಯಲ್ಲಿರಬೇಕು ಎಂಬ ತಿಳಿವಳಿಕೆ ನಮಗೆ ಹೊಸತಲ್ಲ.

ಈಗ ಅದನ್ನೇ ಕಾನೂನು ಹೇಳುತ್ತದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೆಯ ಕಲಂ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವ ಹಕ್ಕು ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಮಾಡಿದವರು ಸಣ್ಣಪುಟ್ಟ ಸೇವೆ ಮಾಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು, ಅದೂ ಪಶುವೈದ್ಯರ ಉಸ್ತುವಾರಿಯಲ್ಲಿ. ಆನ್‌ಲೈನಿನಲ್ಲಿ ವಾರಾಂತ್ಯದ ಕೋರ್ಸು ಮುಗಿಸಿ ಸರ್ಟಿಫಿಕೇಟು ಚೌಕಟ್ಟು ಹಾಕಿಸಿದವರು ಈ ಸಾಲಿಗೆ ಬರುವುದಿಲ್ಲ. ಅಂಥವರು ಕುತ್ತಿಗೆಗೆ ಕೈಹಾಕುವುದಂತೂ ನನಗೆ ಭಯ ಹುಟ್ಟಿಸುತ್ತದೆ. ಬೆಳೆಯುವ ಓಟದ ಕುದುರೆಗಳಲ್ಲಿ ಕುತ್ತಿಗೆಯ ಮಣಿಗಳ ನಡುವಿನ ಕೊಳವೆ ಕಿರಿದಾಗಿ ಬೆನ್ನುಹುರಿ ಒತ್ತಿಹೋಗುವ ರೋಗವೊಂದಿದೆ. ಹಿಂಗಾಲು ತೂರಾಡುತ್ತದೆ, ಕುಡಿದವನ ನಡಿಗೆ. ನೋಡಿದವರು ಸೊಂಟ ಹಿಡಿದಿದೆ ಎನ್ನುತ್ತಾರೆ. ಆ ಕುದುರೆಯ ಕುತ್ತಿಗೆಯನ್ನು ಚಟ್ ಎನ್ನಿಸಲು ಹೋದರೆ ಏಳಲಾರದಂತೆ ಬೀಳಬಹುದು, ಪಕ್ಕದಲ್ಲಿ ನಿಂತವರ ಮೇಲೂ ಬೀಳಬಹುದು.

ಮದುವೆ ಕುದುರೆಯ ಲೆಕ್ಕ ಬಾಕಿ ಇದೆ. ಬೆನ್ನಿನ ಆರೈಕೆ ನಿಜವಾಗಿ ಬೇಕಾದದ್ದು ಇವಕ್ಕೆ, ಇವಕ್ಕೆ ಮಾತ್ರ ಯಾರೂ ವಿಡಿಯೊ ತೋರಿಸಿಕೊಂಡು ಬರುವುದಿಲ್ಲ. ಡಾಂಬರು ರಸ್ತೆ, ಬ್ಯಾಂಡು, ಪಟಾಕಿ, ಬೆನ್ನ ಮೇಲೆ ಜರಿ ಹೊದಿಸಿದ ಗಟ್ಟಿ ಪೀಠ, ಅದರ ಮೇಲೆ ಶೇರ್ವಾನಿಯ ಗಂಡು, ಅವನ ಮುಂದೆ ಅಕ್ಕನ ಮಗು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ಬಲ್ಲವರು ಇಟ್ಟುಕೊಂಡಿರುವ ಅಂದಾಜು. 350 ಕೆ.ಜಿ.ಯ ಬಡಕಲು ಕುದುರೆಗೆ ಅದು 70 ಕೆ.ಜಿ.; ನಮ್ಮ ಮದುಮಕ್ಕಳು ಆ ಗೆರೆ ದಾಟಿ ಬಹಳ ದಿನವಾಯಿತು. ಹೇರು ಹೊರುವ ಪ್ರಾಣಿಗಳಿಗೆಂದು 1965ರಲ್ಲಿ ಕೇಂದ್ರ ಮಾಡಿದ ನಿಯಮದಲ್ಲಿ ತಟ್ಟುವಿಗೆ 70, ಕತ್ತೆಗೆ 50 ಕೆ.ಜಿ. ಎಂದು ಮಿತಿ ಇದೆ. ಕಲ್ಯಾಣಮಂಟಪದ ಬಾಗಿಲಲ್ಲಿ ತಕ್ಕಡಿ ಹಿಡಿದು ಯಾರೂ ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಒಂದು ಮೆರವಣಿಗೆ ಮುಗಿದ ಮೇಲೆ ಪೀಠ ಇಳಿಸುವುದನ್ನು ನಿಂತು ನೋಡಿದ್ದೇನೆ. ಬೆನ್ನ ನಡುವೆ ರೂಪಾಯಿಯಗಲದ ಎರಡು ಹುಣ್ಣು, ಮೇಲೆ ಅರಿಶಿನ ಮೆತ್ತಿತ್ತು. ಹಿಡಿದಿದ್ದ ಹುಡುಗ ಅದರ ಹಣೆ ಸವರುತ್ತಾ ಹುರುಳಿ ತಿನ್ನಿಸುತ್ತಿದ್ದ. ಅವನಿಗೆ ಅದರ ಮೇಲೆ ಪ್ರೀತಿ ಇಲ್ಲ ಎನ್ನಲಾರೆ. ಪೀಠದ ಅಡಿಗೆ ದಪ್ಪ ಕಂಬಳಿ ಹಾಕಲು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಕುದುರೆಯ ಬೆನ್ನ ಮೇಲೆ ಕೈಯಿಡಬಾರದೇ ಎಂದರೆ, ಇಡಬೇಕು, ದಿನವೂ ಇಡಬೇಕು. ಜೀನು ಹಾಕುವ ಮುಂಚೆ ಕುತ್ತಿಗೆಯ ಬುಡದಿಂದ ಬಾಲದವರೆಗೆ ಎರಡೂ ಪಕ್ಕ ಅಂಗೈಯಿಂದ ನಿಧಾನ ಒತ್ತುತ್ತಾ ಹೋಗಿ. ಎಲ್ಲಿ ಚರ್ಮ ಅದುರಿತು, ಎಲ್ಲಿ ಬಿಸಿ, ಎಲ್ಲಿ ಬೆನ್ನು ಕುಗ್ಗಿತು, ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ವ್ಯತ್ಯಾಸ ಕಂಡರೆ ಮೊದಲು ಕುದುರೆ ಬಲ್ಲ ಪಶುವೈದ್ಯರನ್ನು ಕರೆಸಿ. ಊರಿನ ಪಶು ಆಸ್ಪತ್ರೆಯವರಿಗೆ ಹಸು–ಎಮ್ಮೆಯ ಕೆಲಸವೇ ಹೆಚ್ಚಿದ್ದು ಅನುಮಾನವಾದರೆ, 1958ರಿಂದ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ಅಲ್ಲಿಗೆ ಒಯ್ಯಿರಿ. ಕಾಲು, ಗೊರಸು, ಹಲ್ಲು, ಜೀನು ಎಲ್ಲ ನೋಡಿದ ಮೇಲೂ ಬೆನ್ನಿನ ಬಿಗುವು ಉಳಿದಿದ್ದು, ಕೈಚಿಕಿತ್ಸೆ ಕಲಿತ ಪಶುವೈದ್ಯರೇ ಸಿಕ್ಕಿದರೆ ಮಾಡಿಸಿ, ಅಡ್ಡಿಯಿಲ್ಲ.

ದೇವನಹಳ್ಳಿಯ ಆ ಹೆಣ್ಣು ಕುದುರೆಯನ್ನು ವೈದ್ಯರು ಬಂದು ನೋಡಿದರು. ಜೀನು ಇನ್ನೊಂದು ಕುದುರೆಯದಂತೆ. ಮುಂದುಗಡೆ ಇಕ್ಕಟ್ಟಾಗಿ ದಿಣ್ಣೆಯನ್ನು ಎರಡೂ ಪಕ್ಕ ಚಿವುಟುತ್ತಿತ್ತು. ಬಲ ಹಿಂಗಾಲಿನ ಲಾಳ ಒಂಬತ್ತು ವಾರದ್ದು. ಆರು ವಾರ ಸವಾರಿ ನಿಲ್ಲಿಸಿದರು, ಲಾಳ ಬದಲಿಸಿದರು, ಬೆನ್ನಿನ ಅಳತೆಗೆ ಬೇರೆ ಜೀನು ತಂದರು. ಸಂಕ್ರಾಂತಿಯ ದಿನ ಫೋನು ಬಂತು. ಮಗಳು ಅದರ ಮೇಲೆ ತೋಟ ಎರಡು ಸುತ್ತು ಹಾಕಿದಳಂತೆ. ಹಳೇ ಜೀನು ಮಾರಲಿಲ್ಲ, ಅದು ಕಾಂಪೌಂಡಿನ ಗೋಡೆಯ ಮೇಲಿದೆ, ಕೋಳಿ ಕೂರುತ್ತವೆ ಎಂದರು.